ನನ್ನ ಹೆಸರಿನ ಖಾನೆ

ಕೊನೆಯ ಸಲ ಆಸ್ಪತ್ರೆಯಲ್ಲಿದ್ದಾಗ ನನ್ನ ಹೆಂಡತಿಗೆ ದಿನವೂ ಬೆಳಿಗ್ಗೆ ಒಂದು ಸಣ್ಣ ಪರೀಕ್ಷೆ ಇರುತ್ತಿತ್ತು. ನರ್ಸು ಬಂದು ಬಿಪಿ ನೋಡಿ, ಇದು ಯಾವ ತಿಂಗಳು, ಈಗ ಎಲ್ಲಿದ್ದೀರಿ ಎಂದು ಕೇಳುತ್ತಿದ್ದಳು. ಮನಸ್ಸು ನೆಟ್ಟಗಿದೆಯೇ ಎಂದು ತಿಳಿಯುವುದಕ್ಕೆ. ಹೆಂಡತಿ ಎಲ್ಲವನ್ನೂ ಸರಿಯಾಗಿ ಹೇಳುತ್ತಿದ್ದಳು. ಒಂದು ದಿನ ಹೊಸ ನರ್ಸು ಬಂದಳು. ನನ್ನ ಕಡೆ ಕೈ ತೋರಿಸಿ, ಇವರು ಯಾರು ಎಂದು ಕೇಳಿದಳು. ನನ್ನ ಗಂಡ ಎಂದು ಹೆಂಡತಿ ಹೇಳಿದಳು. ಇವರ ಹೆಸರೇನು ಎಂದು ನರ್ಸು ಕೇಳಿದಳು. ಅದಕ್ಕೆ ನನ್ನ ಹೆಂಡತಿ ಸುಮ್ಮನೆ ನಕ್ಕಳು.

ನರ್ಸು ಇನ್ನೊಮ್ಮೆ ಕೇಳಿದಳು. ಮಂಚದ ಆಚೆ ಕೂತಿದ್ದ ಮಗಳು ಇಂಗ್ಲಿಷಿನಲ್ಲಿ, ಅಮ್ಮ, ಹೇಳಿಬಿಡು, ಅಷ್ಟೇ ತಾನೇ ಎಂದಳು. ಅವಳು ಹೇಳಲಿಲ್ಲ. ನರ್ಸು ಗೋಡೆಯ ಬಿಳಿ ಬೋರ್ಡಿನ ಹತ್ತಿರ ಹೋಗಿ, ನೆನಪು ಅಸ್ಪಷ್ಟ ಎಂಬರ್ಥದ ಒಂದು ಮಾತನ್ನು ಹಸಿರು ಪೆನ್ನಿನಲ್ಲಿ ಬರೆದಳು.

ಆ ಮಧ್ಯಾಹ್ನ ಡಾಕ್ಟರು ಬಂದು, ಚಿಕಿತ್ಸೆ ಮುಂದುವರಿಸಬೇಕೋ, ಮನೆಗೆ ಹೋಗಬೇಕೋ ಎಂದು ಅವಳನ್ನೇ ಕೇಳುವವರಿದ್ದರು. ಮನೆಗೆ ಹೋಗಬೇಕು ಎಂದು ಅವಳು ನಿರ್ಧಾರ ಮಾಡಿಯಾಗಿತ್ತು. ಆದರೆ ಬೋರ್ಡಿನ ಮೇಲೆ ಆ ಮಾತು ಇದ್ದರೆ ಅವಳ ಮಾತನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ನಮ್ಮನ್ನು ಕೇಳುತ್ತಾರೆ. ಹಾಗೆ ಆಗಬಾರದಾಗಿತ್ತು. ನಾನು ನರ್ಸನ್ನು ಹೊರಗೆ ಕರೆದು, ಅವಳಿಗೆ ನನ್ನ ಹೆಸರು ಗೊತ್ತು, ಹೇಳುವುದಿಲ್ಲ ಅಷ್ಟೇ ಎಂದೆ. ನರ್ಸು ನನ್ನನ್ನು ಕನಿಕರದಿಂದ ನೋಡಿದಳು. ಹೀಗೆ ಹೇಳುವ ಗಂಡಂದಿರನ್ನು ಅವಳು ಬೇಕಾದಷ್ಟು ನೋಡಿರಬೇಕು. ಆಗ ನಾನು ಅವಳಿಗೆ, ಹಿಂದೆ ನಾವಿಬ್ಬರೂ ಕೆಲಸ ಮಾಡುತ್ತಿದ್ದ ಎಮರಿವಿಲ್ ಊರಿನ ಆಫೀಸಿನ ಕತೆ ಹೇಳಿದೆ. ಅಲ್ಲಿ ನಿಂತು ಹೇಳಿದ್ದು ಚಿಕ್ಕದು. ಇಲ್ಲಿ ಪೂರ್ತಿ ಬರೆಯುತ್ತೇನೆ. ಈಗ ನನಗೆ ಸಮಯ ಬೇಕಾದಷ್ಟಿದೆ.

ನಾವು ಊರು ಬಿಟ್ಟು ಈ ಕಡೆ, ಅಮೆರಿಕಕ್ಕೆ, ಬಂದದ್ದು ಎಂಬತ್ತರ ದಶಕದ ಆರಂಭದಲ್ಲಿ. ಅವಳ ಅಣ್ಣ ಪ್ಲೆಸೆಂಟನ್ನಿನಲ್ಲಿ ಡಾಕ್ಟರು, ಅವರೇ ಕರೆಸಿಕೊಂಡಿದ್ದರು. ನಾನು ಹುಬ್ಬಳ್ಳಿಯಲ್ಲಿ ಡಿಪ್ಲೊಮಾ ಓದಿ ಡ್ರಾಫ್ಟ್ಸ್‌ಮನ್ ಆಗಿದ್ದವನು. ಅವಳು ಮೆಕ್ಯಾನಿಕಲ್ ಇಂಜಿನಿಯರು. ಅವಳ ತರಗತಿಯಲ್ಲಿ ಅವಳೊಬ್ಬಳೇ ಹುಡುಗಿ. ವರ್ಕ್‌ಶಾಪಿನಲ್ಲಿ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಲೇತಿನ ಮುಂದೆ ನಿಂತಿದ್ದಳಂತೆ. ಅಷ್ಟು ಓದಿದವಳು ನನ್ನನ್ನು ಹೇಗೆ ಒಪ್ಪಿದಳೋ, ನಾನು ಕೇಳಲಿಲ್ಲ. ಕೇಳಿದರೆ ಯೋಚನೆ ಮಾಡಿಬಿಟ್ಟಾಳು ಎಂಬ ಹೆದರಿಕೆ ಇತ್ತು.

ಇಬ್ಬರಿಗೂ ಒಂದೇ ಆಫೀಸಿನಲ್ಲಿ ಕೆಲಸ ಸಿಕ್ಕಿತು. ಮೊದಲು ನನಗೆ, ಆಮೇಲೆ ಅವಳಿಗೆ. ಹಿಂದೆ ಬಣ್ಣ ತಯಾರಿಸುತ್ತಿದ್ದ ಇಟ್ಟಿಗೆ ಕಟ್ಟಡದ ಮೇಲ್ಮಹಡಿ ಅದು. ಮಳೆಗಾಲದಲ್ಲಿ ಗೋಡೆ ತೇವವಾದರೆ ಆಗಲೂ ಟರ್ಪೆಂಟೈನ್ ವಾಸನೆ ಬರುತ್ತಿತ್ತು. ಕಿಟಕಿಯಿಂದ ಫ್ರೀವೇ ಕಾಣುತ್ತಿತ್ತು, ಅದರಾಚೆ ಕೊಲ್ಲಿಯ ಕೆಸರು. ಆ ಕೆಸರಿನಲ್ಲಿ ಯಾರು ಯಾರೋ ತೇಲಿಬಂದ ಮರದ ತುಂಡುಗಳನ್ನು ಜೋಡಿಸಿ ಕುದುರೆ, ವಿಮಾನ, ಮನುಷ್ಯರನ್ನು ಮಾಡಿ ನಿಲ್ಲಿಸಿರುತ್ತಿದ್ದರು. ಬಾಯ್ಲರ್ ಕೋಣೆಗಳಿಗೆ, ಹಣ್ಣು ಡಬ್ಬಿಗೆ ತುಂಬುವ ಕಾರ್ಖಾನೆಗಳಿಗೆ ಪೈಪುಗಳ ನಕ್ಷೆ ತಯಾರಿಸುವುದು ನಮ್ಮ ಕೆಲಸ. ಯಜಮಾನರು ವಯಸ್ಸಾದ ಅಮೆರಿಕನ್. ಹಡಗುಕಟ್ಟೆಯಲ್ಲಿ ಪೈಪು ಜೋಡಿಸಿ ಮೇಲೆ ಬಂದವರು. ಪೆನ್ಸಿಲ್ಲಿನಿಂದ ಬರೆಯದ ಗೆರೆಯನ್ನು ಅವರು ಗೆರೆ ಎಂದೇ ಒಪ್ಪುತ್ತಿರಲಿಲ್ಲ.

ಅಂಥವರನ್ನು ಕಂಪ್ಯೂಟರು ಕೊಳ್ಳಲು ಒಪ್ಪಿಸಿದವಳು ನನ್ನ ಹೆಂಡತಿ. ಫ್ರಿಜ್ಜಿನಷ್ಟು ದೊಡ್ಡ ಒಂದು ಯಂತ್ರ, ಅದಕ್ಕೆ ತಂತಿ ಎಳೆದ ಕೆಲವು ಹಸಿರು ಪರದೆಗಳು. ಅದರಲ್ಲಿ ಪ್ರತಿಯೊಬ್ಬರ ಸಾಮಾನು ಇಡಲು ಒಂದೊಂದು ಜಾಗ ಇರುತ್ತಿತ್ತು. ಅದಕ್ಕೆ ಅಲ್ಲಿನವರು ಡೈರೆಕ್ಟರಿ ಎನ್ನುತ್ತಿದ್ದರು. ಕಪಾಟಿನಲ್ಲಿರುವಂತೆ ಅವಳು ಅದನ್ನು ಖಾನೆ ಎಂದು ಕರೆದಳು. ಮನೆಯಲ್ಲಿ ಮಾತಾಡುವಾಗ ನಾವಿಬ್ಬರೂ ಹಾಗೆಯೇ ಅನ್ನುತ್ತಿದ್ದೆವು. ಯಂತ್ರ ಕೂರಿಸಲು ಬಂದ ಹುಡುಗರು ಒಬ್ಬೊಬ್ಬರ ಕೊನೆಯ ಹೆಸರನ್ನು ಅವರವರ ಖಾನೆಗೆ ಇಟ್ಟುಹೋದರು.

ನಮ್ಮ ಕಡೆಯ ಹೆಸರುಗಳ ಕತೆಯೇ ಬೇರೆ. ನನ್ನ ಪಾಸ್‌ಪೋರ್ಟಿನಲ್ಲಿ ಕೊನೆಗೆ ಮನೆತನದ ಹೆಸರಿತ್ತು. ಅವಳ ಪಾಸ್‌ಪೋರ್ಟು ಮದುವೆಯಾದ ಮೇಲೆ ಬೇರೆ ಗುಮಾಸ್ತರ ಕೈಯಲ್ಲಿ ಆದದ್ದು. ಅವರು ಅವಳ ಹೆಸರು ಬರೆದು, ಮುಂದೆ ನನ್ನ ಹೆಸರು ಬರೆದು ಮುಗಿಸಿದ್ದರು. ಹೀಗಾಗಿ ನನ್ನ ಖಾನೆಗೆ ಮನೆತನದ ಹೆಸರು ಬಂತು. ಅವಳ ಖಾನೆಗೆ ನನ್ನ ಹೆಸರು ಬಂತು. ಆಫೀಸಿನಲ್ಲಿ ನನ್ನ ಹೆಸರನ್ನು ಯಾರಿಗೂ ಪೂರ್ತಿ ಹೇಳಲು ಬರುತ್ತಿರಲಿಲ್ಲವಾದ್ದರಿಂದ ಮೊದಲಿನ ಎರಡಕ್ಷರ ಮಾತ್ರ ಇಟ್ಟುಕೊಂಡು ಕರೆಯುತ್ತಿದ್ದರು. ಅವಳ ಕೊನೆಯ ಹೆಸರೂ ನನ್ನ ಹೆಸರೂ ಒಂದೇ ಎಂದು ಅವರಿಗೆ ಹೊಳೆದಿರಲೇ ಇಲ್ಲ. ಮದುವೆಯಾದ ಮೇಲೂ ತಂದೆಯ ಮನೆಯ ಹೆಸರನ್ನೇ ಇಟ್ಟುಕೊಂಡಿದ್ದೀಯ, ಧೈರ್ಯವಂತೆ ನೀನು ಎಂದು ಫೋನು ನೋಡಿಕೊಳ್ಳುವ ಹೆಂಗಸು ನನ್ನ ಹೆಂಡತಿಯ ಬೆನ್ನು ತಟ್ಟಿದ್ದಳು. ಅದನ್ನು ತಿದ್ದಹೋದರೆ ಮಾತು ನನ್ನ ಹೆಸರಿನ ಕಡೆಗೇ ತಿರುಗುತ್ತಿತ್ತು. ಇವಳು ತಲೆ ಆಡಿಸಿ ಸುಮ್ಮನಾದಳು.

ಏಕೆಂದರೆ ಅವಳು ನನ್ನ ಹೆಸರು ಹೇಳುತ್ತಿರಲಿಲ್ಲ. ನಮ್ಮ ಕಡೆ ಆ ಕಾಲದ ಹೆಂಗಸರು ಗಂಡನ ಹೆಸರನ್ನು ಬರಿದೆ ಹೇಳುವವರಲ್ಲ. ಮದುವೆ, ಬಸುರಿಗೆ ಮಾಡುವ ಕುಬಸ, ಅರಿಶಿನ ಕುಂಕುಮ ಎಂದು ಸೇರಿದಾಗ ಹಿರಿಯರು ದಾರಿಗೆ ಅಡ್ಡ ನಿಂತು, ಹೆಸರು ಹೇಳಿ ಒಳಗ ಹೋಗವಾ ಎಂದು ಪಟ್ಟು ಹಿಡಿದರೆ ಎರಡು ಮೂರು ಸಾಲು ಪದ ಕಟ್ಟಿ ಅದರ ನಡುವೆ ಹೆಸರು ತೂರಿಸಿಬಿಡುತ್ತಾರೆ. ಅದಕ್ಕೆ ಒಡಪು ಎನ್ನುತ್ತೇವೆ. ನನ್ನ ಹೆಂಡತಿಗೆ ಇದರಲ್ಲಿ ನಂಬಿಕೆ ಎನ್ನುವಂಥದ್ದೇನೂ ಇರಲಿಲ್ಲ. ಹೆಸರು ಹೇಳಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ ಎಂದು ಯಾರಾದರೂ ಅಂದರೆ, ಹಂಗಾರ ಈ ಅಮೆರಿಕಾದಾಗ ದಿನಾ ಹೆಣದ ಮೆರವಣಿಗಿ ಇರಬೇಕಿತ್ತು ಎನ್ನುತ್ತಿದ್ದಳು. ಆದರೂ ಬಾಯಿಗೆ ಬರುತ್ತಿರಲಿಲ್ಲ. ಒಮ್ಮೆ ದೊಡ್ಡ ಗ್ರೋಸರಿ ಅಂಗಡಿಯಲ್ಲಿ ನಾವು ಒಬ್ಬರಿಂದೊಬ್ಬರು ತಪ್ಪಿಹೋದೆವು. ಅಂಗಡಿಯವನು ಮೈಕಿನಲ್ಲಿ ಕೂಗುತ್ತೇನೆ, ಗಂಡನ ಹೆಸರು ಹೇಳಿ ಎಂದನಂತೆ. ಇವಳು ಥ್ಯಾಂಕ್ಸ್ ಎಂದು ಹೇಳಿ, ಐಸ್‌ಕ್ರೀಮಿನ ಡಬ್ಬ ಹಿಡಿದುಕೊಂಡು ಹೋಗಿ ಕಾರಿನ ಪಕ್ಕ ನಿಂತಳು. ನಾನು ಒಳಗೆ ಸಾಲು ಸಾಲು ಹುಡುಕಿ ಬೆವತು ಹೊರಗೆ ಬಂದಾಗ, ಐಸ್‌ಕ್ರೀಮು ಕರಗಿತು ನೋಡ್ರಿ ಎಂದಳು.

ಇನ್ನು ಆ ಯಂತ್ರದ ವಿಷಯ. ಒಂದು ನಕ್ಷೆಯಲ್ಲಿ ನೂರಾರು ವಾಲ್ವುಗಳಿರುತ್ತವೆ. ಪ್ರತಿ ವಾಲ್ವನ್ನೂ ಪ್ರತಿ ಸಲ ಬರೆಯುವುದು ದಂಡ ಎಂದು ಅವಳು ಒಂದೊಂದು ಬಗೆಯ ವಾಲ್ವನ್ನು ಒಮ್ಮೆ ಬರೆದು ತನ್ನ ಖಾನೆಯಲ್ಲಿ ಇಟ್ಟಿದ್ದಳು. ನಕ್ಷೆಯೊಳಗೆ ವಾಲ್ವು ಇರುವುದಿಲ್ಲ. ಇಂಥ ಖಾನೆಯಿಂದ ಇಂಥ ವಾಲ್ವನ್ನು ತಂದು ಇಲ್ಲಿ ತೋರಿಸು ಎಂಬ ಗುರುತು ಮಾತ್ರ ಇರುತ್ತದೆ. ಪೈಪನ್ನು ಚಾವಣಿಗೆ ನೇತುಹಾಕುವ ಕೊಕ್ಕೆಗಳನ್ನು ನಾನು ಬರೆದಿದ್ದೆ. ಅವು ನನ್ನ ಖಾನೆಯಲ್ಲಿದ್ದವು. ಆಫೀಸಿನವರೆಲ್ಲ ಈ ಎರಡು ಖಾನೆಗಳಿಂದಲೇ ತರಿಸಿಕೊಳ್ಳುತ್ತಿದ್ದರು. ಪಕ್ಕದ ಮೇಜಿನ ಡ್ರಾಫ್ಟ್ಸ್‌ಮನ್ ಒಬ್ಬ ಅವಳ ಖಾನೆ ತೆರೆಯುವಾಗೆಲ್ಲ ನನ್ನ ಹೆಸರನ್ನು ತನ್ನದೇ ರೀತಿಯಲ್ಲಿ ಜೋರಾಗಿ ಓದುತ್ತಿದ್ದ. ಆಗ ಅವಳ ಕಿವಿ ಕೆಂಪಾಗುತ್ತಿದ್ದುದು ನನಗೊಬ್ಬನಿಗೇ ಗೊತ್ತು.

ಕೆಲವು ವರ್ಷ ಕಳೆದ ಮೇಲೆ ಆ ಯಂತ್ರದಲ್ಲಿ ನಕ್ಷೆ ಬರೆಯುವ ಸಾಫ್ಟ್‌ವೇರಿನ ಹೊಸ ಆವೃತ್ತಿ ಬಂತು. ಯಜಮಾನರಿಗೆ ಬೇಡವಾಗಿತ್ತು. ಓಡುವ ಕುದುರೆಯ ಲಾಳ ಯಾಕೆ ಬಿಚ್ಚುತ್ತೀಯ ಎಂದರು. ಅವಳು ಬಿಡಲಿಲ್ಲ. ಪೈಪಿನೊಳಗೆ ಪೈಪು ಹಾದುಹೋದರೆ ಹೊಸದು ತಾನಾಗಿ ತೋರಿಸುತ್ತದೆ, ಸೈಟಿನಲ್ಲಿ ಕತ್ತರಿಸಿ ಬೆಸೆಯುವ ಕೆಲಸ ತಪ್ಪುತ್ತದೆ ಎಂದು ಉದಾಹರಣೆ ಸಮೇತ ತೋರಿಸಿದಳು. ಕೊನೆಗೆ ಯಜಮಾನರು, ನಿನ್ನ ಮಾತಿನ ಮೇಲೆ ತರಿಸುತ್ತೇನೆ ಎಂದರು. ನಿನ್ನ ಮಾತಿನ ಮೇಲೆ ಎಂಬುದನ್ನು ಒತ್ತಿ ಹೇಳಿದರು. ಆಗ ಒಂದು ಆಸ್ಪತ್ರೆಯ ಬಾಯ್ಲರ್ ಕೋಣೆಯ ನಕ್ಷೆಗಳು ತಯಾರಾಗುತ್ತಿದ್ದವು. ನಮಗೆ ಅಷ್ಟು ದೊಡ್ಡ ಕೆಲಸ ಅದೇ ಮೊದಲು. ಮುಂದಿನ ವಾರದ ನಡುವೆ ಅವುಗಳನ್ನು ಒಪ್ಪಿಸಬೇಕಾಗಿತ್ತು.

ಹೊಸ ಆವೃತ್ತಿ ತುಂಬಿದ ಟೇಪು ಬಂದದ್ದು ಶುಕ್ರವಾರ. ಶನಿವಾರ ಆಫೀಸು ಖಾಲಿ ಇರುತ್ತದೆ ಎಂದು ಅವಳು ಒಬ್ಬಳೇ ಹೋಗಿ ಹೊಸದನ್ನು ಹಾಕಿಬಂದಳು. ನಾನು ಆಗ ಇನ್ನೂ ಚಿಕ್ಕವಳಾಗಿದ್ದ ಮಗಳನ್ನು ನೋಡಿಕೊಂಡು ಮನೆಯಲ್ಲಿದ್ದೆ. ಸಂಜೆ ಬಂದವಳು, ಎಲ್ಲಾ ಸುಸೂತ್ರ ಆತ್ರಿ ಎಂದು ಹೇಳಿ ರೊಟ್ಟಿಗೆ ಹಿಟ್ಟು ಕಲಸಿದಳು.

ಸೋಮವಾರ ಬೆಳಿಗ್ಗೆ ಮೊದಲ ನಕ್ಷೆ ತೆರೆದಾಗ ಪೈಪುಗಳೆಲ್ಲ ಇದ್ದವು. ವಾಲ್ವು ಇರಬೇಕಾದ ಕಡೆಗಳಲ್ಲಿ ಬರೀ ಸಣ್ಣ ಸಣ್ಣ ಚೌಕಗಳಿದ್ದವು. ಪರದೆಯ ಕೆಳಗೆ, ಫೈಲ್ ಸಿಗಲಿಲ್ಲ, ಫೈಲ್ ಸಿಗಲಿಲ್ಲ ಎಂದು ಒಂದರ ಮೇಲೊಂದು ಸಾಲು ಓಡುತ್ತಿತ್ತು. ಇನ್ನೊಂದು ನಕ್ಷೆ ತೆರೆದೆವು. ಅದೇ. ಮತ್ತೊಂದು. ಅದೇ. ಪಕ್ಕದ ಮೇಜಿನವನು, ನಿನ್ನ ಹೆಂಡತಿ ಆಸ್ಪತ್ರೆಯ ಹಬೆಯನ್ನೆಲ್ಲ ಒಂದೇ ಸಲಕ್ಕೆ ಬಿಟ್ಟುಬಿಟ್ಟಳು, ನಿಲ್ಲಿಸಲಿಕ್ಕೆ ಒಂದು ವಾಲ್ವೂ ಉಳಿಸಿಲ್ಲ ಎಂದು ನಗೆಯಾಡಿದ.

ಯಜಮಾನರು ಬಂದು ಅವಳ ಕುರ್ಚಿಯ ಹಿಂದೆ ನಿಂತು ಬಹಳ ಹೊತ್ತು ನೋಡಿದರು. ಹಳೆಯ ಆವೃತ್ತಿಯನ್ನು ತಿರುಗಿ ಹಾಕೋಣವೆಂದರೆ ಹೊಸದು ನಕ್ಷೆಗಳನ್ನೆಲ್ಲ ತನ್ನ ರೀತಿಗೆ ಬದಲಿಸಿಕೊಂಡಿತ್ತು. ಸಾಫ್ಟ್‌ವೇರು ಮಾರಿದ ಕಂಪನಿಗೆ ಫೋನು ಮಾಡಿದೆವು. ಅಲ್ಲಿದ್ದವನು ಪೂರ್ತಿ ಕೇಳುವ ಮೊದಲೇ, ಟೇಪು ಕೆಟ್ಟಿರಬೇಕು, ಬೇರೆ ಟೇಪು ಕಳಿಸುತ್ತೇವೆ, ವಾರದ ಕೊನೆಗೆ ತಲುಪುತ್ತದೆ ಎಂದ. ಅದು ತಲುಪುವ ಹೊತ್ತಿಗೆ ನಮ್ಮ ಗಡುವು ದಾಟಿರುತ್ತಿತ್ತು. ಯಜಮಾನರು ಉಗ್ರಾಣದಿಂದ ಡ್ರಾಯಿಂಗ್ ಬೋರ್ಡುಗಳನ್ನು ಹೊರಗೆ ತರಿಸಿದರು. ಅವನ್ನು ಗೋಡೆಗೆ ಒರಗಿಸುವ ಸದ್ದು ಒಂದೊಂದಾಗಿ ಕೇಳುತ್ತಿತ್ತು. ಮಧ್ಯಾಹ್ನದ ಊಟದ ತನಕ ನೋಡುತ್ತೇನೆ, ಆಮೇಲೆ ಪೆನ್ಸಿಲ್ಲು ಎಂದರು. ಪೆನ್ಸಿಲ್ಲು ಬಂದರೆ ಯಂತ್ರ ಹೋಗುತ್ತದೆ, ಯಂತ್ರ ಹೋದರೆ ಅದನ್ನು ನಂಬಿಸಿದವಳೂ ಹೋಗುತ್ತಾಳೆ ಎಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಆ ಬೆಳಿಗ್ಗೆ ಅವಳು ಕೆಲಸ ಮಾಡಿದ ರೀತಿ ನನ್ನ ಕಣ್ಣಿಗೆ ಕಟ್ಟಿದಂತಿದೆ. ನಾನಾಗಿದ್ದರೆ ಕೈಗೆ ಸಿಕ್ಕಿದ್ದನ್ನೆಲ್ಲ ಒತ್ತಿ ನೋಡುತ್ತಿದ್ದೆ. ಆಗಲೇ ಒಂದೆರಡು ಒತ್ತಿಯೂ ಇದ್ದೆ. ಅವಳು ನನ್ನ ಕೈ ಹಿಡಿದು ಮೆಲ್ಲಗೆ ಸರಿಸಿ, ಮೊದಲು ಯಾರೂ ಏನನ್ನೂ ಬದಲಿಸಬಾರದು ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. ಆಮೇಲೆ ಒಂದೊಂದು ಪರದೆಯಲ್ಲಿ ಒಂದೊಂದು ನಕ್ಷೆ ತೆರೆಸಿದಳು. ಕೈ ಕಟ್ಟಿಕೊಂಡು ಒಂದರಿಂದ ಒಂದಕ್ಕೆ ನಡೆದಳು, ತರಕಾರಿ ಅಂಗಡಿಯಲ್ಲಿ ಬದನೆಕಾಯಿ ನೋಡುವವಳ ಹಾಗೆ. ನಾನು ಹಿಂದೆ ಹಿಂದೆ ಹೋಗಿ, ಇಲ್ಲೂ ಇಲ್ಲ, ಇಲ್ಲೂ ಇಲ್ಲ ಎನ್ನುತ್ತಿದ್ದೆ.

ಅವಳು ತಿರುಗಿ ಹೇಳಿದಳು: "ಏನಿಲ್ಲ ಅನ್ನೂದನ್ನ ಎಷ್ಟಂತ ನೋಡತೀರಿ? ಏನದ ಅನ್ನೂದನ್ನ ನೋಡ್ರಿ."

ಏನಿದೆ ಎಂದು ನೋಡತೊಡಗಿದ ಮೇಲೆ ನನಗೂ ಕಂಡಿತು. ಪೈಪುಗಳಿದ್ದವು, ಅಳತೆಗಳಿದ್ದವು, ಅಕ್ಷರಗಳಿದ್ದವು. ಚಾವಣಿಯ ಕೊಕ್ಕೆಗಳೂ ಇದ್ದವು. ಎಲ್ಲ ನಕ್ಷೆಗಳಲ್ಲೂ ಕೊಕ್ಕೆಗಳು ಇದ್ದಲ್ಲೇ ಇದ್ದವು. ಕೊಕ್ಕೆಗಳು ನನ್ನ ಖಾನೆಯವು, ವಾಲ್ವುಗಳು ಅವಳ ಖಾನೆಯವು. ಅವಳು ತನ್ನ ಖಾನೆಯ ಇನ್ನುಳಿದ ಚಿತ್ರಗಳಿರುವ ನಕ್ಷೆ ತೆರೆಸಿದಳು, ಒಂದೂ ಇರಲಿಲ್ಲ. ನನ್ನದರಲ್ಲಿ ಒಂದೂ ಕಳೆದಿರಲಿಲ್ಲ.

"ಟೇಪು ಕೆಟ್ಟಿದ್ರ ನಿಮ್ಮದು ನನ್ನದು ಅಂತ ಆರಿಸಿ ಕೆಡತಿತ್ತೇನು?" ಎಂದಳು. ಅದು ನನಗೆ ಕೇಳಿದ್ದಲ್ಲ, ತನಗೆ ತಾನೇ. ಎರಡು ಖಾನೆಗಳಿಗೆ ಶನಿವಾರ ಬೇರೆ ಬೇರೆಯಾಗಿ ಏನಾಗಿದೆ ಎಂದು ಯೋಚಿಸುತ್ತಾ ಕುರ್ಚಿಯಲ್ಲಿ ಕೂತಳು. ಸ್ವಲ್ಪ ಹೊತ್ತಿಗೆ ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. ಅವಳ ಭುಜ ಅಲುಗುತ್ತಿತ್ತು. ಅಳುತ್ತಿದ್ದಾಳೆ ಎಂದುಕೊಂಡೆ. ನೋಡಿದರೆ ನಗುತ್ತಿದ್ದಳು.

"ಏನ್ರೀ, ಚೂರು ಹೊರಗ ಬರ್ರಿ" ಎಂದು ನನ್ನನ್ನು ಮೆಟ್ಟಿಲ ಹತ್ತಿರ ಕರೆದುಕೊಂಡು ಹೋದಳು.

ಶನಿವಾರ ಆದದ್ದು ಇದು. ಹೊಸ ಆವೃತ್ತಿಯಲ್ಲಿ ಚಿತ್ರಗಳೆಲ್ಲ ಒಂದೇ ಸಾರ್ವಜನಿಕ ಖಾನೆಗೆ ಹೋಗಬೇಕು. ಅದಕ್ಕೆ ಯಂತ್ರ ಹಳೆಯ ಖಾನೆಗಳನ್ನು ಒಂದೊಂದಾಗಿ ತೆಗೆದುಕೊಂಡು, ಒಳಗಿನ ಸಾಮಾನನ್ನು ಹೊಸ ಜಾಗಕ್ಕೆ ಸಾಗಿಸಿ, ಈ ಹೆಸರಿನ ಖಾನೆಯಲ್ಲಿದ್ದದ್ದು ಈಗ ಅಲ್ಲಿದೆ ಎಂದು ನೆನಪಿಟ್ಟುಕೊಂಡು, ಆಮೇಲೆ ಹಳೆಯ ಖಾನೆಯನ್ನು ಅಳಿಸುತ್ತಿತ್ತು. ಇದೆಲ್ಲ ಶುರುವಾಗುವ ಮೊದಲೇ, ಅಳಿಸಲೇ ಎಂದು ಒಂದು ಸಲ ಕೇಳುತ್ತಿತ್ತು. ನನ್ನ ಮನೆತನದ ಹೆಸರು ತೋರಿಸಿ, ಅಳಿಸಲೇ ಎಂದಾಗ ಅವಳು ಹೌದು ಎಂದಳು. ಅದು ಸರಿಯಾಗಿ ಹೋಯಿತು. ಮುಂದೆ ಅವಳ ಖಾನೆಯ ಸರದಿ.

"ನಿಮ್ಮ ಹೆಸರು ಬರದು, ಅಳಸಲೇನು ಅಂತ ಕೇಳ್ತು. ಇಡೀ ಆಫೀಸಿನಾಗ ನಾ ಒಬ್ಬಾಕಿ. ಹೌದು ಅಂತ ಹೆಂಗ ಒತ್ತಲಿ ಹೇಳ್ರಿ."

"ಅದು ನಿನ್ನ ಹೆಸರಲ್ಲೇನ? ನಿನ್ನ ಲಾಸ್ಟ್ ನೇಮು" ಎಂದೆ.

"ಆಫೀಸಿಗೆ ನನ್ನ ಹೆಸರು. ನನಗ ನಿಮ್ಮ ಹೆಸರು."

ಒತ್ತಲಾರದೆ ಅವಳು ಏನು ಮಾಡಿದ್ದಳೆಂದರೆ, ಬೇಡ ಎಂದು ಹಿಂದೆ ಬಂದು, ಆ ಖಾನೆಯ ಹೆಸರನ್ನು ಹಳೆಯದು ಎಂದು ಬದಲಿಸಿದ್ದಳು. ಆಗ ಯಂತ್ರ, ಹಳೆಯದನ್ನು ಅಳಿಸಲೇ ಎಂದು ಕೇಳಿತು. ಹೌದು ಎಂದು ಒತ್ತಿ, ದೀಪ ಆರಿಸಿ ಮನೆಗೆ ಬಂದಿದ್ದಳು. ಯಂತ್ರ ನೆನಪಿಟ್ಟುಕೊಂಡದ್ದು ಹಳೆಯದು ಎಂಬ ಹೆಸರನ್ನು. ನಕ್ಷೆಗಳು ಕೇಳುತ್ತಿದ್ದದ್ದು ನನ್ನ ಹೆಸರಿನ ಖಾನೆಯನ್ನು. ವಾಲ್ವುಗಳೆಲ್ಲ ಹೊಸ ಜಾಗದಲ್ಲಿ ಸುಖವಾಗಿದ್ದವು. ಅಲ್ಲಿಗೆ ಹೋಗುವ ದಾರಿ ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ನಾವು ಮೆಟ್ಟಿಲ ಮೇಲೆ ನಿಂತು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕೆವು. ನಗುವಾಗಲೂ ನನಗೆ ಅವಳ ಬಗ್ಗೆ ಆಶ್ಚರ್ಯವಾಗಿತ್ತು. ತಪ್ಪನ್ನು ಯಂತ್ರದಲ್ಲಿ ಎಷ್ಟು ನಿರ್ದಾಕ್ಷಿಣ್ಯವಾಗಿ ಹುಡುಕುತ್ತಿದ್ದಳೋ, ಅದು ತನ್ನ ಬುಡಕ್ಕೇ ಬಂದಾಗಲೂ ಅಷ್ಟೇ ನಿರ್ದಾಕ್ಷಿಣ್ಯವಾಗಿ ಬೆರಳು ಇಟ್ಟು ತೋರಿಸಿದ್ದಳು.

ಸರಿಮಾಡುವುದು ಸುಲಭವಿತ್ತು. ಅವಳು ತಿರುಗಿ ಹೋಗಿ, ನನ್ನ ಹೆಸರಿನ ಖಾನೆಯನ್ನು ಮತ್ತೆ ಮಾಡಿದಳು. ಒಂದೊಂದೇ ಅಕ್ಷರ ಒತ್ತುವುದನ್ನು ನಾನು ಅವಳ ಹಿಂದೆ ನಿಂತು ನೋಡಿದೆ. ಮದುವೆಯಾದ ಮೇಲೆ ಅವಳು ನನ್ನ ಹೆಸರನ್ನು ಅಷ್ಟು ನಿಧಾನವಾಗಿ ಬರೆದದ್ದನ್ನು ನೋಡಿರಲಿಲ್ಲ. ಅದರೊಳಗೆ, ಹುಡುಕುತ್ತಿರುವುದು ಸಾರ್ವಜನಿಕ ಖಾನೆಯಲ್ಲಿದೆ ಎಂದು ಒಂದು ಸಾಲು ಇಟ್ಟಳು. ಬಾಯ್ಲರ್ ಕೋಣೆಯ ನಕ್ಷೆಯನ್ನು ತೆರೆದಳು. ಎಡಗಡೆಯಿಂದ ಶುರುವಾಗಿ ಚೌಕಗಳು ಒಂದೊಂದಾಗಿ ವಾಲ್ವುಗಳಾದವು. ಯಂತ್ರ ನಿಧಾನದ್ದಾದ್ದರಿಂದ ನಾವೆಲ್ಲ ನಿಂತು ನೋಡುವಷ್ಟು ಹೊತ್ತು ಹಿಡಿಯಿತು. ಪಕ್ಕದ ಮೇಜಿನವನು ಬೋರ್ಡುಗಳನ್ನು ತಿರುಗಿ ಉಗ್ರಾಣಕ್ಕೆ ಹೊತ್ತ.

ಅಷ್ಟರಲ್ಲಿ ಕಂಪನಿಯವನ ಫೋನು ಬಂತು. ಟೇಪು ಕೆಟ್ಟಿದ್ದಕ್ಕೆ ಕ್ಷಮೆ ಕೇಳುತ್ತೇವೆ, ಮುಂದಿನ ಆವೃತ್ತಿಯನ್ನು ಬಿಟ್ಟಿ ಕೊಡುತ್ತೇವೆ ಎಂದ. ಯಜಮಾನರು ಫೋನಿನ ಬಾಯಿ ಮುಚ್ಚಿ ಅವಳ ಕಡೆ ನೋಡಿದರು. ಅವಳು ಒಂದು ಮಾತೂ ಆಡದಿದ್ದರೆ ಎಲ್ಲ ಅಲ್ಲಿಗೆ ಮುಗಿಯುತ್ತಿತ್ತು. ತಪ್ಪು ತಾನಾಗಿ ಟೇಪಿನ ತಲೆಗೆ ಕೂತಿತ್ತು. ನಾನು ಕಣ್ಣಿನಲ್ಲೇ, ಸುಮ್ಮನಿರು ಎಂದೆ.

ಟೇಪು ಸರಿಯಾಗಿದೆ ಎಂದಳು. ತಪ್ಪು ತನ್ನದು ಎಂದಳು. ಯಜಮಾನರು ಫೋನು ಇಟ್ಟು, ಏನು ತಪ್ಪು ಎಂದರು. ಆಗ ಆಫೀಸಿನವರೆಲ್ಲರ ಮುಂದೆ, ಆ ಖಾನೆಗಿರುವ ತನ್ನ ಕೊನೆಯ ಹೆಸರು ತಂದೆಯದಲ್ಲ, ಗಂಡನದು, ನಮ್ಮ ಕಡೆ ಹೆಂಡತಿ ಗಂಡನ ಹೆಸರನ್ನು ಬಾಯಿಂದ ಹೇಳುವುದಿಲ್ಲ, ಅಳಿಸು ಎಂದು ಕೈಯಿಂದ ಒತ್ತುವುದು ದೂರವೇ ಉಳಿಯಿತು ಎಂದು, ಬಾಯ್ಲರಿನ ಒತ್ತಡ ವಿವರಿಸುವ ಅದೇ ದನಿಯಲ್ಲಿ ವಿವರಿಸಿದಳು. ಫೋನು ನೋಡಿಕೊಳ್ಳುವ ಹೆಂಗಸಿನ ಮುಖ ನೋಡಬೇಕಾಗಿತ್ತು. ಇಷ್ಟು ವರ್ಷ ಯಾರ ಬೆನ್ನು ತಟ್ಟಿದೆ ಎಂದು ಅವಳಿಗೆ ತೋಚದಂತಾಗಿತ್ತು.

ಯಜಮಾನರು ಗದ್ದ ತುರಿಸಿಕೊಂಡರು. ಹಡಗುಕಟ್ಟೆಯಲ್ಲಿ ತಪ್ಪಿಗೆ ಜನ ನೂರು ಕಾರಣ ಹೇಳುವುದನ್ನು ಕೇಳಿದ್ದೇನೆ, ಇದೊಂದನ್ನು ಕೇಳಿರಲಿಲ್ಲ ಎಂದರು. ಇದು ಇನ್ನೊಮ್ಮೆ ಆಗುತ್ತದೆಯೇ ಎಂದು ಕೇಳಿದರು. ಅವಳು ಯೋಚಿಸಿ, ಆಗುತ್ತದೆ ಎಂದಳು. ಮುಂದಿನ ಸಲವೂ ತನ್ನಿಂದ ಅದನ್ನು ಅಳಿಸಲು ಆಗುವುದಿಲ್ಲ, ಆದ್ದರಿಂದ ಆ ಕೆಲಸ ಬೇರೆಯವರು ಮಾಡುವುದು ಒಳ್ಳೆಯದು ಎಂದಳು. ಯಜಮಾನರು, ಯಾರೂ ಅಳಿಸುವುದು ಬೇಡ, ಅದು ಹಾಗೇ ಇರಲಿ ಎಂದರು. ಆಮೇಲೆ ಅವರ ಕಣ್ಣಿನಲ್ಲಿ ತುಂಟತನ ಬಂತು. ಆಫೀಸಿನವರು ಇನ್ನು ಮೇಲೆ ಆ ಖಾನೆಗೆ ಏನೆನ್ನಬೇಕು, ಸರಿಯಾದ ಉಚ್ಚಾರವನ್ನು ನೀನೇ ಒಂದು ಸಲ ಹೇಳಿಕೊಟ್ಟುಬಿಡು ಎಂದರು. ಎಲ್ಲರೂ ಅವಳನ್ನೇ ನೋಡಿದರು. ದಾರಿಗೆ ಅಡ್ಡ ನಿಂತ ಹಿರಿಯರ ಹಾಗೆಯೇ ನಿಂತಿದ್ದರು.

ಅವಳು ಪರದೆಯ ಕಡೆ ಒಮ್ಮೆ ನೋಡಿ, ಕೆಳಗೆ ನೋಡುತ್ತಾ, ಕನ್ನಡದಲ್ಲಿ ಅಂದಳು:

"ಎಮರಿವಿಲ್ ಆಫೀಸಿನಾಗ ಹಸಿರು ಪರದಿ ಮ್ಯಾಲ
ಹೋದ ವಾಲ್ವು ತಿರುಗಿ ಬಂದು ನಿಂತಾವ ಸಾಲ ಸಾಲ;
ನಮ್ಮವರ ಹೆಸರಿನ ಖಾನೆ ಅಳಸೂದಿಲ್ಲ ಯಾವ ಕಾಲ."

ನಮ್ಮವರ ಎಂದು ನಾನಿಲ್ಲಿ ಬರೆದಿರುವ ಕಡೆ ಅವಳು ನನ್ನ ಹೆಸರನ್ನು ಪೂರ್ತಿಯಾಗಿ, ಸರಿಯಾಗಿ, ಎಲ್ಲರಿಗೂ ಕೇಳುವಂತೆ ಹೇಳಿದಳು. ಏನಂದಳು ಎಂದು ಯಜಮಾನರು ನನ್ನನ್ನು ಕೇಳಿದರು. ಖಾನೆಯ ಹೆಸರು ಹೇಳಿದಳು ಎಂದೆ. ಅಷ್ಟು ಉದ್ದವೇ ಎಂದರು.

ನಕ್ಷೆಗಳು ಹೇಳಿದ ದಿನಕ್ಕೆ ಹೋದವು. ಯಂತ್ರ ಉಳಿಯಿತು, ಅವಳೂ ಉಳಿದಳು. ಮುಂದೆ ಅವಳೇ ಆ ಆಫೀಸಿನ ಮುಖ್ಯ ಇಂಜಿನಿಯರ್ ಆದಳು. ಎಷ್ಟು ಆವೃತ್ತಿಗಳು ಬಂದು ಹೋದರೂ ಆ ಖಾನೆಯನ್ನು ಹೊಸ ಯಂತ್ರದಿಂದ ಹೊಸ ಯಂತ್ರಕ್ಕೆ ಹೊತ್ತುಕೊಂಡು ಹೋಗುತ್ತಿದ್ದರು. ಅದು ಯಾಕಿದೆ ಎಂದು ಹೊಸದಾಗಿ ಸೇರಿದವರಿಗೆ ಗೊತ್ತಿರಲಿಲ್ಲ. ಮುಟ್ಟಬಾರದು ಎಂದು ಮಾತ್ರ ಗೊತ್ತಿತ್ತು.

ಆ ಸೋಮವಾರ ಮನೆಗೆ ಹೋಗುವಾಗ ಫ್ರೀವೇಯಲ್ಲಿ ಕಾರುಗಳು ನಿಂತುಬಿಟ್ಟಿದ್ದವು. ಪಕ್ಕದ ಕೆಸರಿನಲ್ಲಿ ಮರದ ಕುದುರೆಯ ಮೇಲೆ ಒಂದು ಸೀಗಲ್ ಹಕ್ಕಿ ಕೂತಿತ್ತು. ತಪ್ಪು ಟೇಪಿನ ಮೇಲೆ ಹೋಗಿತ್ತಲ್ಲ, ನೀನು ಯಾಕೆ ಬಾಯಿ ಬಿಟ್ಟೆ ಎಂದು ಕೇಳಿದೆ. ನನಗೆ ಸ್ವಲ್ಪ ಸಿಟ್ಟೂ ಬಂದಿತ್ತು.

"ಟೇಪು ಕೆಟ್ಟದ ಅಂದಿದ್ರ ಅವರು ನಾಳೆಯಿಂದ ಯಂತ್ರನ ನಂಬತಿದ್ದಿಲ್ಲ" ಎಂದಳು. "ನಾ ತಪ್ಪು ಮಾಡೇನಿ ಅಂದ್ರ ನಾಲ್ಕು ದಿವಸ ನನ್ನ ನಂಬಂಗಿಲ್ಲ, ಅಷ್ಟ. ಆಮ್ಯಾಲ ನಂಬತಾರ."

ಆದದ್ದೂ ಹಾಗೆಯೇ. ನಾಲ್ಕು ದಿನವೂ ಬೇಕಾಗಲಿಲ್ಲ.

ಆಸ್ಪತ್ರೆಯ ಕಾರಿಡಾರಿನಲ್ಲಿ ನರ್ಸಿಗೆ ಇದನ್ನೆಲ್ಲ ನಾನು ಎಷ್ಟರಮಟ್ಟಿಗೆ ಹೇಳಿದೆನೋ ಗೊತ್ತಿಲ್ಲ. ಅವಳು ನಿಂತು ಕೇಳಿದಳು. ಚಿಕ್ಕ ವಯಸ್ಸಿನವಳು. ಕೇಳಿ ಮುಗಿದ ಮೇಲೆ, ಹಾಗಾದರೆ ನಾನು ಬೇರೆ ಪ್ರಶ್ನೆ ಕೇಳುತ್ತೇನೆ ಎಂದಳು.

ಇಬ್ಬರೂ ಒಳಗೆ ಹೋದೆವು. ನರ್ಸು ನನ್ನ ಹೆಸರನ್ನು ಮಗಳಿಂದ ಕೇಳಿಕೊಂಡು, ತಿಣುಕುತ್ತಾ ಉಚ್ಚರಿಸಿ, ಈ ಹೆಸರಿನವರು ಈ ಕೋಣೆಯಲ್ಲಿ ಇದ್ದಾರೆಯೇ ಎಂದು ಕೇಳಿದಳು. ನನ್ನ ಹೆಂಡತಿ ಹೊದಿಕೆಯೊಳಗಿಂದ ಕೈ ತೆಗೆದು, ಬೆರಳು ಎತ್ತಿ ನನ್ನನ್ನು ತೋರಿಸಿದಳು. ಆಮೇಲೆ, ಉಚ್ಚಾರ ತಪ್ಪು ಅದ ಎಂದು ನನಗೆ ಕನ್ನಡದಲ್ಲಿ ಹೇಳಿದಳು.

ನರ್ಸು ಬೋರ್ಡಿನ ಮೇಲೆ ತಾನು ಬರೆದದ್ದನ್ನು ಅಂಗೈಯಿಂದ ಒರೆಸಿದಳು. ಮಧ್ಯಾಹ್ನ ಡಾಕ್ಟರು ಬಂದು, ಕುರ್ಚಿಯನ್ನು ಮಂಚದ ಹತ್ತಿರ ಎಳೆದುಕೊಂಡು, ಏನು ಮಾಡೋಣ ಎಂದು ಅವಳನ್ನೇ ಕೇಳಿದರು. ಮನೆಗೆ ಎಂದಳು. ಮರುದಿನ ನಾವು ಅವಳನ್ನು ಮನೆಗೆ ಕರೆದುಕೊಂಡು ಬಂದೆವು.